ಮನೆಯಲ್ಲಿ ಉಳಿದದ್ದು, ಮ್ಯೂಸಿಯಂನಲ್ಲಿ ಕೆಟ್ಟದ್ದು: ಕರಾವಳಿಯ ಒಂದು ಪ್ರಕರಣ

ಹಿನ್ನೆಲೆ

ಊರಿನ ಹೆಸರು ಹೇಳುವುದಿಲ್ಲ. ಉತ್ತರ ಕನ್ನಡದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಂತ ನಾಲ್ಕು ದೊಡ್ಡ ಹೊಳೆಗಳು ಸಮುದ್ರ ಸೇರುತ್ತವೆ. ಅವುಗಳಲ್ಲಿ ಒಂದರ ಅಳಿವೆ ಹತ್ತಿರದ ಹಳೇ ಬಂದರು ಪೇಟೆ ಅಂತ ಇಟ್ಟುಕೊಳ್ಳಿ. ಜನರ ಹೆಸರೂ ಇಲ್ಲಿ ಇಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬೇಕಂತಲೇ ಬದಲಿಸಿದ್ದೇನೆ. ನಾನು ಇದರೊಳಗೆ ಬಂದದ್ದು ತಡವಾಗಿ, ಸಾಮಾನುಗಳ ಪಟ್ಟಿ ಮಾಡಿಕೊಡುವ ಕೆಲಸಕ್ಕೆ.

ಇಂಥ ಪೇಟೆಗಳಿಗೆ ಹೇಳಿಕೊಳ್ಳಲು ಬೇಕಾದಷ್ಟಿದೆ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಳುಮೆಣಸು ಈ ಕರಾವಳಿಯಿಂದಲೇ ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಅಂತಲೇ ಕರೆದರು. 17ನೇ ಶತಮಾನದಲ್ಲಿ ಕಾರವಾರದಲ್ಲಿ ಇಂಗ್ಲಿಷರ ಕೋಠಿ, ಅಂದರೆ ವ್ಯಾಪಾರದ ನೆಲೆ, ಬಂತು. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ, ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂತು. 1862ರಲ್ಲಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. 1956ರಲ್ಲಿ ಮೈಸೂರು ರಾಜ್ಯ ಸೇರಿತು. ಹಾಗಾಗಿ ಇಲ್ಲಿಯ ಹಳೇ ವ್ಯಾಪಾರಿ ಮನೆಗಳ ಅಟ್ಟ ಹತ್ತಿದರೆ ಕನ್ನಡದ ಕಡತ, ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಕಾಗದ, ಇಂಗ್ಲಿಷ್ ರಸೀದಿ ಮೂರೂ ಒಂದೇ ಗಂಟಿನಲ್ಲಿ ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ.

ರಾಷ್ಟ್ರೀಯ ಹೆದ್ದಾರಿ 66 ಅಗಲವಾಗುವಾಗ ಪೇಟೆಯ ಅಂಚಿನ ಹಳೇ ಮನೆಗಳು ಒಂದೊಂದೇ ಬಿದ್ದವು. ಕೆತ್ತನೆಯ ದಾರಂದ, ಹಲಸಿನ ಮರದ ಕಂಬ, ಹಿತ್ತಾಳೆ ಹಂಡೆ ಎಲ್ಲ ಲಾರಿ ಹತ್ತಿ ಹೊರಗಿನ ಹಳೇ ಸಾಮಾನಿನ ಅಂಗಡಿಗಳಿಗೆ ಹೋಗತೊಡಗಿದವು. ಕಣ್ಣೆದುರು ಇದು ನಡೆಯುವಾಗ ಕೆಲವರಿಗೆ ತಡೆಯಲಾಗಲಿಲ್ಲ. ನಿವೃತ್ತ ಹೈಸ್ಕೂಲ್ ಮಾಸ್ತರರೊಬ್ಬರು, ಪ್ರಾಥಮಿಕ ಶಾಲೆಯ ಅಕ್ಕೋರೊಬ್ಬರು, ಔಷಧದ ಅಂಗಡಿಯವರು ಮತ್ತು ಮೀನುಗಾರರ ಸಂಘದ ಇಬ್ಬರು ಸೇರಿ ಒಂದು ಟ್ರಸ್ಟ್ ಮಾಡಿದರು. ಮುಂಬಯಿಯಲ್ಲಿ ನೆಲೆಸಿದ್ದ ಊರಿನವರೊಬ್ಬರು ತಮ್ಮ ಖಾಲಿ ಮನೆ ಬಿಟ್ಟುಕೊಟ್ಟರು. ಚಿರೆಕಲ್ಲಿನ ಗೋಡೆ, ಉದ್ದ ಜಗುಲಿ, ಹಂಚಿನ ಮಾಡು, ನಡುವೆ ಒಳಾಂಗಣ. ನೋಡಿದರೆ ಮ್ಯೂಸಿಯಂಗೆ ಅಂತಲೇ ಕಟ್ಟಿಸಿದ ಹಾಗಿತ್ತು.

ಮನೆ ರಿಪೇರಿ ಆಯಿತು. ಆ ರಿಪೇರಿಯ ವಿವರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಒಳಗಿನ ಹಳೇ ಸುಣ್ಣದ ಗಾರೆ ಕೆತ್ತಿ ಸಿಮೆಂಟ್ ಪ್ಲಾಸ್ಟರ್ ಮಾಡಿದರು. ಮೇಲೆ ಪ್ಲಾಸ್ಟಿಕ್ ಪೇಂಟ್. ನೆಲಕ್ಕೆ ಟೈಲ್ಸ್. ಹಂಚಿನ ಕೆಳಗೆ ಸೀಲಿಂಗ್ ಬಂತು. ಅಡುಗೆ ಮನೆಯ ಒಲೆ ಒಡೆದು ಅಲ್ಲಿ ಆಫೀಸ್ ಮಾಡಿದರು. ಜಗುಲಿಯ ಒಂದು ಗೋಡೆಯನ್ನು ಮಾತ್ರ ಮುಟ್ಟಲಿಲ್ಲ. ಅದರ ಮೇಲೆ ಕಾವಿ ಕಲೆಯ ಪಟ್ಟಿ ಇತ್ತು: ಬಳ್ಳಿ, ಹೂವು, ಎರಡು ನವಿಲು. ಕೊಟ್ಟವರ ತಾಯಿಗೆ ಅದು ಇಷ್ಟವಾಗಿತ್ತಂತೆ.

ನವೆಂಬರಿನಲ್ಲಿ ಮ್ಯೂಸಿಯಂ ತೆರೆಯಿತು. ಸಾಮಾನು ಹುಡುಕಿಕೊಂಡು ಹೋಗುವುದೇ ಬೇಡವಾಯಿತು, ಜನ ತಾವಾಗಿ ತಂದುಕೊಟ್ಟರು. ಕೊಳಗ, ಸೇರು, ಅಡಕತ್ತರಿ, ತಾಳೆಗರಿ ಕಟ್ಟು, ಕಡತಗಳು, ದಡಕ್ಕೆ ಎಳೆಯುವ ರಂಪಣಿ ಬಲೆಯ ತುಂಡು, ದೋಣಿಯ ಹುಟ್ಟು, ಗಂಟೆ, ದೀಪದ ಕಂಬ, ಒಂದು ಕೆತ್ತನೆಯ ತೊಟ್ಟಿಲು. ಟ್ರ್ಯಾಕ್ಟರಿನಲ್ಲಿ ಒಂದು ವೀರಗಲ್ಲೂ ಬಂತು. ಬೇಸಿಗೆ ಮುಗಿಯುವಷ್ಟರಲ್ಲಿ ಮುನ್ನೂರರ ಆಸುಪಾಸು ಸಾಮಾನು. ಯಾರು ಕೊಟ್ಟರು ಅನ್ನುವುದು ಮಾಸ್ತರರಿಗೆ ಬಾಯಿಪಾಠ. ಬರೆದಿಟ್ಟದ್ದು ಮಾತ್ರ ಇಲ್ಲ.

ಮಳೆಗಾಲ ಬಂತು

ಕರಾವಳಿಯ ಮಳೆ ಗೊತ್ತಲ್ವಾ? ಕಾರವಾರದ ಕಡೆ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೊದಲ ಮಳೆಗಾಲದಲ್ಲಿ ಮ್ಯೂಸಿಯಂ ಒಳಗೆ ಮುಗ್ಗಲು ವಾಸನೆ ಹಿಡಿಯಿತು. ತಾಳೆಗರಿಯ ಮೇಲೆ ಬಿಳಿ ಬೂಷ್ಟು ಕಂಡಿತು. ಕಬ್ಬಿಣದ ಸಾಮಾನಿಗೆಲ್ಲ ತುಕ್ಕು. ಗೋಡೆಯ ಬುಡದಲ್ಲಿ ಪೇಂಟ್ ಗುಳ್ಳೆ ಎದ್ದು, ಒಳಗಿನಿಂದ ಉಪ್ಪಿನ ಪುಡಿ ಉದುರುತ್ತಿತ್ತು.

ಟ್ರಸ್ಟಿನವರು ಕೈಕಟ್ಟಿ ಕೂರಲಿಲ್ಲ. ಬೆಂಗಳೂರಿನಲ್ಲಿರುವ ದಾನಿಯೊಬ್ಬರು ಎಸಿ ಕೊಡಿಸಿದರು. ಗಾಜಿನ ಪೆಟ್ಟಿಗೆ ಮಾಡಿಸಿ, ಗಾಳಿ ಹೋಗದ ಹಾಗೆ ಸುತ್ತ ರಬ್ಬರ್ ಪಟ್ಟಿ ಹಾಕಿದರು. ಒಳಗೆ ನುಸಿಗುಳಿಗೆ, ಸಿಲಿಕಾ ಜೆಲ್ ಪೊಟ್ಟಣ. ದೊಡ್ಡ ಮ್ಯೂಸಿಯಂಗಳಲ್ಲಿ ಹೀಗೇ ಮಾಡುತ್ತಾರೆ ಅಂತ ಅವರು ಓದಿದ್ದರು. ಓದಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಲ್ಲಿ ಎಸಿ ಹಗಲೂ ರಾತ್ರಿ ಓಡುತ್ತದೆ. ಇಲ್ಲಿ ಕರೆಂಟ್ ಬಿಲ್ಲಿಗೆ ಹೆದರಿ ಸಂಜೆ ಆರಿಸಿ ಹೋಗುತ್ತಿದ್ದರು. ಆಟಿಯ ಜಡಿಮಳೆಯಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ದೇವರೇ ಬಲ್ಲ. ಹಗಲು ತಣ್ಣಗಾದ ಹಿತ್ತಾಳೆ ಮತ್ತು ಗಾಜಿನ ಮೇಲೆ ಬಾಗಿಲು ತೆರೆದ ಕೂಡಲೇ ಹೊರಗಿನ ಹಸಿ ಗಾಳಿ ನೀರಾಗಿ ಕೂರುತ್ತಿತ್ತು. ಮರದ ಸಾಮಾನು ಹಗಲು ಒಣಗಿ, ರಾತ್ರಿ ನೀರು ಹೀರಿ, ಮತ್ತೆ ಒಣಗಿ ಸೀಳು ಬಿಟ್ಟಿತು. ಸಿಲಿಕಾ ಜೆಲ್ ಒಂದು ಮಟ್ಟಕ್ಕೆ ನೀರು ಹೀರಿದ ಮೇಲೆ ಬಿಸಿ ಮಾಡಿ ಒಣಗಿಸದಿದ್ದರೆ ಕಲ್ಲುಪುಡಿಗೆ ಸಮ. ಅದನ್ನು ಒಣಗಿಸುವ ಕೆಲಸ ಯಾರದ್ದು ಅಂತ ಯಾರೂ ಹೇಳಿರಲಿಲ್ಲ. ಗಾಳಿಯಾಡದ ಪೆಟ್ಟಿಗೆಯೊಳಗೆ ಹಸಿ ಸಾಮಾನು ಇಟ್ಟರೆ ಏನಾಗುತ್ತದೋ ಅದೇ ಆಯಿತು: ಬೂಷ್ಟು ಹೊರಗಿಗಿಂತ ಒಳಗೇ ಜಾಸ್ತಿ.

ಎರಡನೇ ಮಳೆಗಾಲದಲ್ಲಿ ಒಂದು ಕಡತ ಹೋಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಡತ ಅಂದರೆ ಉದ್ದನೆಯ ಬಟ್ಟೆ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಎರಡೂ ಬದಿಗೆ ಬಳಿದು, ಒಣಗಿಸಿ, ಮಡಚಿ ಪುಸ್ತಕದ ಹಾಗೆ ಮಾಡಿದ್ದು. ಕಪ್ಪು ಮೈ ಮೇಲೆ ಬಳಪದಿಂದ ಬಿಳಿ ಅಕ್ಷರ. ಲೆಕ್ಕ ಬದಲಾದರೆ ಒರೆಸಿ ಮತ್ತೆ ಬರೆಯಬಹುದು. ಒರೆಸಬಹುದಾದದ್ದು ಅನ್ನುವುದೇ ಇಲ್ಲಿ ಮುಖ್ಯ. ಹುಣಸೆ ಬೀಜದ ಅಂಟು ಅಂದರೆ ಬೂಷ್ಟಿಗೆ ಹಬ್ಬದೂಟ. ಶ್ರಾವಣದಲ್ಲಿ ಪೆಟ್ಟಿಗೆ ತೆರೆದಾಗ ಆ ಕಡತ ಪೂರ್ತಿ ಬೂದು ಬಣ್ಣಕ್ಕೆ ತಿರುಗಿತ್ತು. ಸ್ವಯಂಸೇವಕಿಯಾಗಿ ಬರುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಒಳ್ಳೇ ಮನಸ್ಸಿನಿಂದ ಒದ್ದೆ ಬಟ್ಟೆ ತಂದು ನಾಲ್ಕು ಮಡಿಕೆ ಒರೆಸಿದಳು. ಬೂಷ್ಟು ಹೋಯಿತು. ಅಕ್ಷರವೂ ಹೋಯಿತು. ನಾನು ನೋಡಿದಾಗ ಆ ನಾಲ್ಕು ಮಡಿಕೆ ಶುದ್ಧ ಕಪ್ಪಾಗಿದ್ದವು. ಐದನೆಯದರಲ್ಲಿ ಅರ್ಧ ಸಾಲು ಉಳಿದಿತ್ತು: ಅಕ್ಕಿಯ ಲೆಕ್ಕ, ಮುಡಿಯಲ್ಲಿ. ಯಾರಿಗೆ ಕೊಟ್ಟದ್ದು ಅನ್ನುವ ಭಾಗ ಬಟ್ಟೆಯ ಜೊತೆ ಬಕೆಟ್ಟಿಗೆ ಹೋಗಿತ್ತು.

ಆ ಹುಡುಗಿಯನ್ನು ಯಾರೂ ಬೈಯಲಿಲ್ಲ. ಬೈಯುವ ಹಾಗೂ ಇರಲಿಲ್ಲ. ಕಡತದ ಪಕ್ಕದಲ್ಲಿ ಇದನ್ನು ಒಣ ಕುಂಚದಿಂದ ಮಾತ್ರ ಮುಟ್ಟಿ ಅಂತ ಒಂದು ಚೀಟಿ ಇರಲಿಲ್ಲ. ಅದರ ಫೋಟೋ ಕೂಡ ತೆಗೆದಿರಲಿಲ್ಲ. ಮೊಬೈಲಿನಲ್ಲಿ ಹದಿನೈದು ನಿಮಿಷದ ಕೆಲಸ ಅದು.

ಅಮ್ಮ ಕೇಳಿದ ಪ್ರಶ್ನೆ

ಕಡತ ಕೊಟ್ಟದ್ದು ಪೇಟೆಯಿಂದ ಸ್ವಲ್ಪ ಒಳಗಿರುವ ಒಂದು ಮನೆಯವರು. ಸುದ್ದಿ ಹೇಳಲು ಮಾಸ್ತರರು ಹೋದರು, ಜೊತೆಗೆ ನಾನೂ ಇದ್ದೆ. ಮನೆಯ ಹಿರಿಯ ಅಮ್ಮ ಸಿಟ್ಟಾಗಲಿಲ್ಲ. ಆಸರಿಗೆ ಕೊಟ್ಟು, ಕೂತು ಕೇಳಿದರು. ಆಮೇಲೆ ಅಂದರು: “ನನ್ನ ಅತ್ತೆಯ ಅತ್ತೆ ಕಾಲದಿಂದ ನಮ್ಮನೆ ಅಟ್ಟದ ಮೇಲೆ ಇತ್ತು ಮಾಸ್ತರೆ. ಎಂತದೂ ಆಗಿರಲಿಲ್ಲ. ನಿಮ್ಮಲ್ಲಿಗೆ ಬಂದು ಎರಡು ಮಳೆಗಾಲಕ್ಕೆ ಹೀಂಗೆ ಆತು ಅಂದ್ರೆ, ನೀವು ಅದಕ್ಕೆ ಎಂತ ಮಾಡಿದ್ರಿ?”

ಮಾಸ್ತರರ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಆದರೆ ಆ ಪ್ರಶ್ನೆ ಸರಿಯಾದ ಪ್ರಶ್ನೆ. ಅಲ್ಲಿಯವರೆಗೆ ಟ್ರಸ್ಟಿನಲ್ಲಿ ನಡೆಯುತ್ತಿದ್ದ ಚರ್ಚೆಯೆಲ್ಲ ಇನ್ನೂ ಏನು ತರಬೇಕು ಅನ್ನುವುದರ ಮೇಲೆ. ಇನ್ನೊಂದು ಎಸಿ ತರುವುದೋ, ನೀರು ಹೀರುವ ಯಂತ್ರ ತರುವುದೋ, ದುಡ್ಡು ಎಲ್ಲಿಂದ. ಮನೆಯಲ್ಲಿ ನೂರೈವತ್ತು ವರ್ಷ ಕೆಡದ್ದು ಇಲ್ಲಿ ಯಾಕೆ ಕೆಟ್ಟಿತು ಅಂತ ಯಾರೂ ಕೇಳಿರಲಿಲ್ಲ.

ಅಮ್ಮನ ಅಪ್ಪಣೆ ಪಡೆದು ಅಟ್ಟ ಹತ್ತಿದೆವು. ಕೆಳಗೆ ಬಚ್ಚಲ ಒಲೆ. ಗ್ಯಾಸ್ ಬಂದು ಅಡುಗೆ ಒಲೆ ಆರಿ ಕಾಲವಾಗಿದೆ, ಆದರೆ ಈ ಕಡೆ ಸ್ನಾನದ ನೀರು ಇನ್ನೂ ಹಂಡೆಯಲ್ಲೇ ಕಾಯುತ್ತದೆ. ತೆಂಗಿನ ಮಡಲು, ಸಿಪ್ಪೆ ಉರಿದು ಹೊಗೆ, ಬಿಸಿ ಎರಡೂ ಅಟ್ಟಕ್ಕೆ ಏರಿ ಹಂಚಿನ ಸಂದಿನಿಂದ ಹೊರಗೆ ಹೋಗುತ್ತದೆ. ಅಟ್ಟದ ಹಲಗೆಗಳು ಕಪ್ಪಗೆ ಹೊಳೆಯುತ್ತಿದ್ದವು. ಬಾಳೆಗೊನೆ ಕಟ್ಟುವ ಕೊಕ್ಕೆ, ಹಳೇ ಮರಿಗೆ, ಬಟ್ಟೆ ಸುತ್ತಿದ ಇನ್ನೆರಡು ಗಂಟು. ಹೊರಗೆ ಧೋ ಅಂತ ಮಳೆ. ಒಳಗೆ ಕೈಗೆ ಸಿಕ್ಕಿದ್ದೆಲ್ಲ ಒಣಗಿದ್ದು.

ಗಾಳಿಯ ತೇವ ಅಳೆಯುವ ಸಣ್ಣ ಮೀಟರ್ ಒಂದನ್ನು ಅಲ್ಲಿ ಇಟ್ಟೆವು, ಇನ್ನೊಂದನ್ನು ಮ್ಯೂಸಿಯಂನ ಒಳಕೋಣೆಯಲ್ಲಿ. ಬೂಷ್ಟು ಸಾಮಾನ್ಯವಾಗಿ ತೇವಾಂಶ ನೂರಕ್ಕೆ 65-70 ದಾಟಿ, ಹಾಗೇ ನಿಂತರೆ ಬೆಳೆಯುತ್ತದೆ. ಒಳಕೋಣೆಯ ಮೀಟರ್ ಮಳೆ ಹಿಡಿದ ದಿನಗಳಲ್ಲಿ 85ರ ಕೆಳಗೆ ಇಳಿಯಲೇ ಇಲ್ಲ. ಅಟ್ಟದ್ದು 60ರ ಆಚೀಚೆ ಓಡಾಡುತ್ತಿತ್ತು.

ಹೊಗೆಯನ್ನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಮಸಿ ಹಿಡಿಯುತ್ತದೆ, ಕಾಗದ ಕಂದಿ ಪೆಡಸಾಗುತ್ತದೆ. ಇಲಿ ಕಾಟ ಬೇರೆ. ಒಂದು ಕಿಡಿ ಹಾರಿದರೆ ಎಲ್ಲ ಮುಗಿಯಿತು. ಆದರೂ ಆ ಮನೆಯಲ್ಲಿ ಒಂದು ವ್ಯವಸ್ಥೆ ಇತ್ತು. ದಿನಾ ಬೆಳಿಗ್ಗೆ ಯಾರೋ ಒಬ್ಬರು ಒಲೆಗೆ ಬೆಂಕಿ ಹಾಕುತ್ತಿದ್ದರು, ಅದು ತಪ್ಪುತ್ತಿರಲಿಲ್ಲ. ಮ್ಯೂಸಿಯಂನಲ್ಲಿ ಹಾಗೆ ತಪ್ಪದೆ ನಡೆಯುವ ಕೆಲಸ ಒಂದೂ ಇರಲಿಲ್ಲ.

ಗೋಡೆ ಹೇಳಿದ್ದು

ಮ್ಯೂಸಿಯಂಗೆ ವಾಪಸು ಬಂದು ನೋಡಿದರೆ ಉತ್ತರದ ಇನ್ನರ್ಧ ಜಗುಲಿಯಲ್ಲೇ ಇತ್ತು. ಕಾವಿ ಪಟ್ಟಿಯ ಗೋಡೆ ಒಣಗಿತ್ತು. ಅದೇ ಗೋಡೆಯ ಮುಂದುವರಿದ ಭಾಗ, ಸಿಮೆಂಟ್ ಬಳಿದದ್ದು, ಎದೆ ಮಟ್ಟದವರೆಗೆ ಒದ್ದೆ.

ಚಿರೆಕಲ್ಲಿಗೆ ಮೈಯೆಲ್ಲ ತೂತು. ನೆಲದ ನೀರನ್ನು ಹೀರಿ ಮೇಲಕ್ಕೆ ಎಳೆಯುತ್ತದೆ. ಸುಣ್ಣದ ಗಾರೆಯಾದರೆ ಆ ನೀರು ಗಾರೆಯ ಮೂಲಕವೇ ಗಾಳಿಗೆ ಹೋಗುತ್ತದೆ. ಸಿಮೆಂಟ್ ಮತ್ತು ಪ್ಲಾಸ್ಟಿಕ್ ಪೇಂಟ್ ಅದಕ್ಕೆ ದಾರಿ ಬಿಡುವುದಿಲ್ಲ. ನೀರು ಗೋಡೆಯೊಳಗೇ ಮೇಲೇರುತ್ತದೆ, ಜೊತೆಗೆ ಉಪ್ಪನ್ನೂ ಒಯ್ಯುತ್ತದೆ. ಒಣಗುವ ಜಾಗದಲ್ಲಿ ಉಪ್ಪು ಹರಳಾಗಿ ಪೇಂಟನ್ನು ಒದ್ದು ಉದುರಿಸುತ್ತದೆ. ರಿಪೇರಿ ಹೆಸರಿನಲ್ಲಿ ಇಡೀ ಮನೆಯ ಉಸಿರು ಕಟ್ಟಿಸಿದ್ದರು. ಮೇಲೆ ಸೀಲಿಂಗ್ ಬಂದು ಹಂಚಿನ ಸಂದಿನ ಗಾಳಿಯೂ ನಿಂತಿತ್ತು. ಅಂಗಳಕ್ಕೆ ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಸಿದ್ದರಿಂದ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಗೇಣುದ್ದ ಮೇಲೆ. ಮಾಡಿನ ನೀರು ನೇರ ಗೋಡೆ ಬುಡಕ್ಕೆ.

ಕಾವಿ ಗೋಡೆ ಬಚಾವಾದದ್ದು ಅದನ್ನು ಮಾಡಿದ ರೀತಿಯಿಂದಲೇ. ಚಿಪ್ಪಿ ಸುಟ್ಟ ಸುಣ್ಣಕ್ಕೆ ತೊಳೆದ ಮರಳು, ಬೆಲ್ಲದ ನೀರು ಸೇರಿಸಿ, ದಿನಗಟ್ಟಲೆ ಕೊಳೆಹಾಕಿ, ಕುಟ್ಟಿ ಹದ ಮಾಡಿದ ಗಾರೆ ಅದು. ಅದರ ಮೇಲೆ ಕೆಮ್ಮಣ್ಣಿನ ಬಣ್ಣದ ತೆಳು ಪದರ. ಹಸಿ ಇರುವಾಗಲೇ ಮೊನೆಯಿಂದ ಕೆರೆದರೆ ಒಳಗಿನ ಬಿಳಿ ಎದ್ದು ಬರುತ್ತದೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿ ಎಲ್ಲರೂ ನೋಡಿರುವುದು ಇದನ್ನೇ. ಹೊನ್ನಾವರದವರಾದ ಕೃಷ್ಣಾನಂದ ಕಾಮತರು ಈ ಕಲೆಯನ್ನು ಊರೂರು ತಿರುಗಿ ದಾಖಲಿಸಿದ್ದರು. ಜೀರ್ಣೋದ್ಧಾರದ ಹೆಸರಿನಲ್ಲಿ ಇಂಥ ಗೋಡೆಗಳು ಎಷ್ಟೋ ಕಡೆ ಹೋಗಿವೆ. ಈ ಮನೆಯಲ್ಲಿ ಚಂದಕ್ಕೆ ಅಂತ ಬಿಟ್ಟ ಗೋಡೆ, ಕಟ್ಟಡ ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದಕ್ಕೆ ಸಾಕ್ಷಿಯಾಗಿ ಉಳಿದಿತ್ತು. ಇದು ನನಗೆ ಇಡೀ ಪ್ರಕರಣದಲ್ಲಿ ತುಂಬಾ ಹಿಡಿಸಿದ ಸಂಗತಿ.

ತೊಟ್ಟಿಲ ಜಗಳ

ಇಷ್ಟರಲ್ಲಿ ಇನ್ನೊಂದು ಕಡೆ ಬೆಂಕಿ ಹತ್ತಿತು. ಕೆತ್ತನೆಯ ತೊಟ್ಟಿಲು ಕೊಟ್ಟದ್ದು ಒಂದು ಮನೆಯ ಕಿರಿಯ ತಮ್ಮ. ಅಣ್ಣನ ಮೊಮ್ಮಗಳಿಗೆ ಮಗುವಾಯಿತು. ಅಣ್ಣನ ಮನೆಯವರು ಬಂದು, ನಮ್ಮ ಮನೆಯ ಮಕ್ಕಳನ್ನೆಲ್ಲ ಹಾಕಿದ್ದು ಅದೇ ತೊಟ್ಟಿಲಿಗೆ, ನಾಮಕರಣಕ್ಕೆ ಬೇಕು ಅಂದರು. ಮನೆ ಇನ್ನೂ ಹಿಸ್ಸೆಯಾಗಿರಲಿಲ್ಲ. ತಮ್ಮನಿಗೆ ಕೊಡುವ ಹಕ್ಕೇ ಇರಲಿಲ್ಲ ಅನ್ನುವುದು ಅವರ ವಾದ.

ಟ್ರಸ್ಟಿನ ಸಭೆಯಲ್ಲಿ ಎರಡು ಪಕ್ಷವಾಯಿತು. ಔಷಧದ ಅಂಗಡಿಯವರು ಖಡಾಖಂಡಿತ: “ಒಮ್ಮೆ ಕೊಟ್ಟದ್ದು ಕೊಟ್ಟ ಹಾಗೆ. ಇವತ್ತು ತೊಟ್ಟಿಲು ಕೊಟ್ರೆ ನಾಳೆ ಎಲ್ಲರೂ ಬತ್ತಾರೆ.” ಅವರ ಮಾತಿನಲ್ಲಿ ಅರ್ಥವಿತ್ತು. ಆದರೆ ಕೊಟ್ಟದ್ದಕ್ಕೆ ಕಾಗದ ಎಲ್ಲಿ ಅಂತ ಅಕ್ಕೋರು ಕೇಳಿದಾಗ ಎಲ್ಲರೂ ಮಾಸ್ತರರ ಮುಖ ನೋಡಿದರು. ದಾನವೋ, ಎರವಲೋ, ಸುಮ್ನೆ ಇಟ್ಟುಕೊಳ್ಳಿ ಅಂದದ್ದೋ? ಮುನ್ನೂರು ಸಾಮಾನಿಗೂ ಇದೇ ಪ್ರಶ್ನೆ.

ಕಾನೂನಿನ ಪ್ರಶ್ನೆಯೂ ಆಗಲೇ ಎದ್ದಿತು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ವಸ್ತು ಪ್ರಾಚ್ಯವಸ್ತು. ಹಸ್ತಪ್ರತಿಯಾದರೆ 75 ವರ್ಷ ಸಾಕು. ಶಿಲ್ಪ, ಚಿತ್ರ, ಚಿತ್ರವಿರುವ ಹಸ್ತಪ್ರತಿಯಂಥ ಬಗೆಗಳನ್ನು ನೋಂದಾಯಿಸಬೇಕು, ಕೈ ಬದಲಾದರೆ ತಿಳಿಸಬೇಕು. ನೆಲದಲ್ಲಿ ಹುಗಿದಿದ್ದದ್ದು ಸಿಕ್ಕಿದರೆ ಕರ್ನಾಟಕದ 1962ರ ನಿಧಿ ಕಾಯ್ದೆ ಬೇರೆ ಇದೆ, ಜಿಲ್ಲಾಧಿಕಾರಿಗೆ ಹೇಳಬೇಕು. ಯಾವ ಸಾಮಾನು ಎಷ್ಟು ಹಳೆಯದು, ಎಲ್ಲಿಂದ ಬಂತು ಅಂತಲೇ ಬರೆಯದ ಮ್ಯೂಸಿಯಂ ಇದನ್ನೆಲ್ಲ ಎಲ್ಲಿಂದ ಶುರು ಮಾಡಬೇಕು? ವೀರಗಲ್ಲನ್ನಂತೂ ಯಾವ ಗದ್ದೆಯ ಬದುವಿನಿಂದ ತಂದದ್ದು ಅಂತ ಹುಡುಕಲು ಟ್ರ್ಯಾಕ್ಟರ್ ಓಡಿಸಿದವನನ್ನೇ ಹಿಡಿಯಬೇಕಾಯಿತು.

ತೊಟ್ಟಿಲಿನ ತೀರ್ಮಾನ ಹೇಳಿದ್ದು ಅಕ್ಕೋರು. ತೊಟ್ಟಿಲು ನಾಮಕರಣಕ್ಕೆ ಹೋಗಲಿ. ಅಣ್ಣ, ತಮ್ಮ ಇಬ್ಬರೂ ಸಹಿ ಹಾಕಿ ಒಯ್ಯಲಿ. ಮಗು ತೊಟ್ಟಿಲು ಬಿಟ್ಟ ಮೇಲೆ ಎಲ್ಲಿರಬೇಕು ಅಂತ ಆ ಮನೆಯವರೇ ಕೂತು ನಿಶ್ಚಯ ಮಾಡಿ ಬರೆದುಕೊಡಲಿ. ಔಷಧದ ಅಂಗಡಿಯವರು ಒಪ್ಪಲಿಲ್ಲ, ಆದರೆ ಎದ್ದು ಹೋಗಲೂ ಇಲ್ಲ. ತೊಟ್ಟಿಲು ಹೋಯಿತು. ಪ್ರಕರಣದ ದಿಕ್ಕು ತಿರುಗಿದ್ದು ಇಲ್ಲಿ ಅಂತ ನನ್ನ ಲೆಕ್ಕ. ಒಂದು ಸಾಮಾನು ಮ್ಯೂಸಿಯಂ ಬಿಟ್ಟು ಹೊರಗೆ ಹೋದರೂ ಮ್ಯೂಸಿಯಂನದ್ದಾಗಿ ಇರಬಹುದು ಅನ್ನುವುದು ಆ ಸಹಿಯಿಂದ ಗೊತ್ತಾಯಿತು.

ತರುವುದು ಬಂದ್, ಕೊಡುವುದು ಶುರು

ಆ ನಂತರದ ಸಭೆ ಉದ್ದವಾಯಿತು. ಬಂದ ತೀರ್ಮಾನ ಯಾರೂ ಮೊದಲೇ ಯೋಚಿಸಿದ್ದಲ್ಲ. ಹೊಸ ಸಾಮಾನು ತೆಗೆದುಕೊಳ್ಳುವುದು ಪೂರ್ತಿ ನಿಲ್ಲಿಸುವುದು. ಇರುವುದಕ್ಕೆಲ್ಲ ನಂಬರು, ಫೋಟೋ, ಕಾಗದ. ಕಟ್ಟಡ ಕಾಪಾಡಲಾರದ ಸಾಮಾನನ್ನು, ಕಾಪಾಡಬಲ್ಲ ಮನೆಗೆ ವಾಪಸು ಕೊಡುವುದು.

ರಿಜಿಸ್ಟರ್ ಕೆಲಸ ಬೇಸರದ್ದು, ಆದರೆ ನಿಜವಾದ ಮ್ಯೂಸಿಯಂ ಹುಟ್ಟಿದ್ದು ಅಲ್ಲೇ. ದಪ್ಪ ರಟ್ಟಿನ ಪುಸ್ತಕ. ಪ್ರತಿ ಸಾಮಾನಿಗೂ ವರ್ಷ ಮತ್ತು ಕ್ರಮ ಸಂಖ್ಯೆ ಸೇರಿದ ಒಂದು ನಂಬರು. ಸಾಮಾನು ಕಳೆದುಹೋದರೂ, ವಾಪಸು ಹೋದರೂ ಆ ನಂಬರನ್ನು ಇನ್ನೊಂದಕ್ಕೆ ಕೊಡುವ ಹಾಗಿಲ್ಲ. ಕೊಟ್ಟವರು ಯಾರು, ಅವರಿಗೆ ಎಲ್ಲಿಂದ ಬಂತು, ಯಾವುದಕ್ಕೆ ಬಳಸುತ್ತಿದ್ದರು, ಮೈ ಮೇಲೆ ಎಲ್ಲೆಲ್ಲಿ ಸೀಳು, ಕಲೆ. ನಂಬರು ಬರೆದ ಚೀಟಿಯನ್ನು ಹತ್ತಿ ದಾರದಲ್ಲಿ ಕಟ್ಟುವುದು, ಅಂಟಿಸುವ ಟೇಪು ಬೇಡವೇ ಬೇಡ. ಪುಸ್ತಕದ ಪುಟಗಳ ಫೋಟೋ ಇನ್ನೆರಡು ಕಡೆ. ಕಂಪ್ಯೂಟರಿನಲ್ಲೂ ಹಾಕಿದರು, ಆದರೆ ಪುಸ್ತಕವೇ ಮುಖ್ಯ ಅಂತ ಅಕ್ಕೋರು ಪಟ್ಟು ಹಿಡಿದರು. ಪಾಸ್‌ವರ್ಡ್ ಗೊತ್ತಿದ್ದವನು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಎಂತ ಮಾಡೂದು ಅನ್ನುವುದು ಅವರ ಪ್ರಶ್ನೆ.

ನಂಬರು ಹಾಕುತ್ತಾ ಹೋದಂತೆ ಕತೆಗಳು ಬಂದವು. ಸುಮ್ನೆ ಕೊಳಗ ಅಂತ ಇಟ್ಟಿದ್ದದ್ದು ಗಜನಿ ಗದ್ದೆಯ ಕಗ್ಗ ಭತ್ತ ಅಳೆಯುತ್ತಿದ್ದ ಕೊಳಗ ಅಂತ ಗೊತ್ತಾಯಿತು. ಉಪ್ಪುನೀರು ನುಗ್ಗುವ ಗದ್ದೆಯಲ್ಲೂ ಬೆಳೆಯುವ ಭತ್ತ ಅದು. ಅದನ್ನು ಹೇಗೆ ಬೆಳೆಯುತ್ತಿದ್ದರು ಅಂತ ಒಬ್ಬ ಅಜ್ಜ ಅರ್ಧ ಗಂಟೆ ಹೇಳಿದರು. ಅದನ್ನೂ ಬರೆದುಕೊಂಡರು.

ವಾಪಸು ಕೊಡುವುದಕ್ಕೆ ಒಂದು ನಿಯಮ ಮಾಡಿದರು. ಬೇಕು ಅಂದವರಿಗೆಲ್ಲ ಕೊಡುವುದಲ್ಲ. ಮನೆಗೆ ಹೋಗಿ ನೋಡಬೇಕು. ಒಲೆ ಉರಿಯುತ್ತದೋ, ಅಟ್ಟ ಇದೆಯೋ, ಮನೆಯಲ್ಲಿ ವರ್ಷಪೂರ್ತಿ ಜನ ಇರುತ್ತಾರೋ. ಆರ್‌ಸಿಸಿ ಮನೆ ಕಟ್ಟಿಸಿ ಬಾಗಿಲು ಹಾಕಿ ಮುಂಬಯಿಯಲ್ಲಿರುವವರ ಸಾಮಾನು ಮ್ಯೂಸಿಯಂನಲ್ಲೇ ಉಳಿಯಿತು. ಕಡತ, ತಾಳೆಗರಿಗಳ ಎಲ್ಲಾ ಮಡಿಕೆ, ಎಲ್ಲಾ ಗರಿಯ ಫೋಟೋ ತೆಗೆದ ಮೇಲೆಯೇ ವಾಪಸು. ತಾಳೆಗರಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಸವರಿ, ಬಟ್ಟೆ ಸುತ್ತಿ ಕೊಟ್ಟರು. ಮಸಿ ನೇರ ತಾಗದ ಹಾಗೆ ಮರದ ಪೆಟ್ಟಿಗೆ. ಹಿತ್ತಾಳೆ ಸಾಮಾನು ಒಯ್ದವರಿಗೆ ಒಂದೇ ಮಾತು: ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಈ ಮಾತನ್ನು ಎಷ್ಟು ಮನೆಯಲ್ಲಿ ಕೇಳಿದರು ಅನ್ನುವುದು ಬೇರೆ ವಿಷಯ. ಹಬ್ಬದ ಮುನ್ನಾದಿನ ದೀಪ ಥಳಥಳ ಹೊಳೆಯದಿದ್ದರೆ ಯಾವ ಮನೆಯಲ್ಲಿ ಸುಮ್ಮನಿರುತ್ತಾರೆ ಹೇಳಿ.

ವೀರಗಲ್ಲು ಅದೇ ಬದುವಿಗೆ ಹೋಯಿತು. ಅಲ್ಲಿಯವರು ವರ್ಷಕ್ಕೊಮ್ಮೆ ಕಾಯಿ ಒಡೆಯುತ್ತಿದ್ದ ಕಲ್ಲು ಅದು, ಎರಡು ವರ್ಷ ಖಾಲಿ ಜಾಗಕ್ಕೇ ಕಾಯಿ ಒಡೆದಿದ್ದರಂತೆ. ಮಳೆ ಬೀಳದ ಹಾಗೆ ಮೇಲೊಂದು ಸಣ್ಣ ಹಂಚಿನ ಮಾಡು ಬಂತು. ಕಲ್ಲು ಇರುವ ಜಾಗವೇ ಅದರ ಅರ್ಧ ಮಾಹಿತಿ. ಯಾವ ಗಡಿ, ಯಾವ ದಾರಿ, ಯಾವ ಹೊಳೆದಂಡೆಯಲ್ಲಿ ಆ ಕಾದಾಟ ನಡೆಯಿತು ಅನ್ನುವ ಸುಳಿವು ಮ್ಯೂಸಿಯಂ ಅಂಗಳದ ಇಂಟರ್‌ಲಾಕ್ ಮೇಲೆ ಸಿಗುವುದಿಲ್ಲ.

ಕಟ್ಟಡದ ಕೆಲಸ ಮುಂದಿನ ಬೇಸಿಗೆಗೆ. ಸಿಮೆಂಟನ್ನು ಎದೆಮಟ್ಟದವರೆಗೆ ಕೆತ್ತಿ ತೆಗೆದರು. ಸೀಲಿಂಗ್ ಕಿತ್ತರು. ಅಂಗಳದ ಇಂಟರ್‌ಲಾಕ್ ತೆಗೆದು ನೆಲ ಇಳಿಸಿ, ಗೋಡೆ ಸುತ್ತ ಜಲ್ಲಿ ತುಂಬಿದ ಕಾಲುವೆ ಮಾಡಿದರು. ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿ ಸಿಗುವುದೇ ಕಷ್ಟವಾಯಿತು. ಕೊನೆಗೆ ಸಿಕ್ಕವರು ದೇವಸ್ಥಾನದ ಕೆಲಸ ಮಾಡುತ್ತಿದ್ದ ವಯಸ್ಸಾದ ಒಬ್ಬರು. ಸುಣ್ಣ ಅರಳಿಸಿ ಕೊಳೆಹಾಕಲು ಸಮಯ ಬೇಕು, ಮಿರ್ಗದ ಮಳೆ ಶುರುವಾಗುವುದರೊಳಗೆ ಮುಗಿಸಿ ಕೊಡು ಅಂದರೆ ಆಗುವುದಿಲ್ಲ ಅಂತ ಮೊದಲ ದಿನವೇ ಹೇಳಿದರು. ಮುಗಿಯಲೂ ಇಲ್ಲ. ಹಿಂದಿನ ಎರಡು ಕೋಣೆ ಮಡಲಿನ ತಟ್ಟಿ ಕಟ್ಟಿಕೊಂಡು ಇನ್ನೊಂದು ಮಳೆಗಾಲ ಕಳೆದವು. ಎಸಿ ಮಾರಿದರು.

ಏನಾಯಿತು

ಮುನ್ನೂರರಲ್ಲಿ ನೂರರಷ್ಟು ಮಾತ್ರ ಈಗ ಮ್ಯೂಸಿಯಂ ಕಟ್ಟಡದಲ್ಲಿದೆ. ಹೆಚ್ಚಿನವು ಕಲ್ಲು, ಮಣ್ಣಿನ ಪಾತ್ರೆ, ಲೋಹ, ದೊಡ್ಡ ಮರದ ಸಾಮಾನು. ಉಳಿದವು ಮನೆಗಳಲ್ಲಿ. ರಿಜಿಸ್ಟರ್‌ನಲ್ಲಿ ಎಲ್ಲವೂ ಇದೆ. ದೀಪಾವಳಿ ಕಳೆದ ಮೇಲೆ ಅಕ್ಕೋರು ಶಾಲೆಯ ಹಳೇ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ. ಸಾಮಾನು ನೋಡಿ, ಫೋಟೋ ತೆಗೆದು, ಹಿಂದಿನ ಫೋಟೋ ಜೊತೆ ಹೋಲಿಸಿ ಬರೆಯುತ್ತಾರೆ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ವಾಪಸು ಹೋದ ಒಂದು ದೀಪದ ಕಂಬ ಎಲ್ಲಿದೆ ಅಂತ ಆ ಮನೆಯವರು ಸರಿಯಾಗಿ ಹೇಳುತ್ತಿಲ್ಲ. ಮಾರಿರಬಹುದು. ಔಷಧದ ಅಂಗಡಿಯವರು ಸಭೆಯಲ್ಲಿ ಅದನ್ನು ಎತ್ತದೆ ಬಿಡುವುದಿಲ್ಲ, ಎತ್ತಬೇಕಾದದ್ದೇ. ಇನ್ನೊಂದು ಮನೆಯಲ್ಲಿ ಬಚ್ಚಲಿಗೆ ಸೋಲಾರ್ ಬಂದು ಒಲೆ ಆರಿತು, ಕಡತ ಮತ್ತೆ ಮ್ಯೂಸಿಯಂಗೆ ಬಂತು. ಇನ್ನು ಇಪ್ಪತ್ತು ವರ್ಷಕ್ಕೆ ಎಷ್ಟು ಮನೆಯಲ್ಲಿ ಬಚ್ಚಲ ಒಲೆ ಇರುತ್ತದೋ ಗೊತ್ತಿಲ್ಲ. ಹಾಗಾಗಿ ಈಗ ಮಾಡಿದ್ದು ಕಾಯಂ ಪರಿಹಾರ ಅಲ್ಲ. ಸುಣ್ಣದ ಗೋಡೆ ಪೂರ್ತಿ ಒಣಗಿ, ಹಿಂದಿನ ಕೋಣೆಗಳು ಹದಕ್ಕೆ ಬರುವವರೆಗೆ ಸಿಕ್ಕ ಸಮಯ ಅಷ್ಟೇ. ಒಳಕೋಣೆಯ ಮೀಟರ್ ಈಗ ಮಳೆಗಾಲದಲ್ಲಿ 75ರ ಹತ್ತಿರ ನಿಲ್ಲುತ್ತದೆ. ಕಾಗದಕ್ಕೆ ಅದೂ ಜಾಸ್ತಿಯೇ.

ಬೇರೆ ಊರಿನವರು ಬಂದು ಮ್ಯೂಸಿಯಂ ಮಾಡಬೇಕು, ಏನು ಮಾಡೋಣ ಅಂತ ಕೇಳಿದರೆ ಮಾಸ್ತರರು ಈಗ ಸಾಮಾನಿನ ಮಾತೇ ಎತ್ತುವುದಿಲ್ಲ. ಮೊದಲು ಒಂದು ಮಳೆಗಾಲ ಖಾಲಿ ಕಟ್ಟಡದಲ್ಲಿ ಮೀಟರ್ ಇಟ್ಟು ನೋಡಿ ಅನ್ನುತ್ತಾರೆ. ಅದು ಒಳ್ಳೇ ಸಲಹೆ. ನಾನು ಸೇರಿಸುವುದು ಒಂದೇ: ಸಾಮಾನು ಒಳಗೆ ಬರುವ ದಿನವೇ, ಕೊಟ್ಟವರು ಎದುರಿಗೆ ಇರುವಾಗಲೇ ಬರೆಯಿರಿ. ಆ ಸಾಮಾನು ಮನೆಯಲ್ಲಿ ಎಲ್ಲಿ ಇತ್ತು, ಯಾಕೆ ಅಲ್ಲೇ ಇಟ್ಟಿದ್ದರು ಅಂತ ಕೇಳಿ. ಈ ಪ್ರಕರಣದಲ್ಲಿ ಎಸಿಗಿಂತ ಉಪಯೋಗಕ್ಕೆ ಬಂದ ಮಾಹಿತಿ ಅದು, ಮತ್ತು ಅದನ್ನು ಕೇಳಲು ಎರಡು ವರ್ಷ ತಡವಾಯಿತು. ಕಟ್ಟಡ ಹಳೆಯದಾದರೆ ರಿಪೇರಿಗೆ ಮುಂಚೆ ಅದರ ಒಣಗಿದ ಗೋಡೆ ಯಾವುದು ಅಂತ ಹುಡುಕಿ, ಅದನ್ನು ಮುಟ್ಟಬೇಡಿ.

ತೊಟ್ಟಿಲು ಎಲ್ಲಿರಬೇಕು ಅಂತ ಆ ಮನೆಯವರು ಇನ್ನೂ ಬರೆದುಕೊಟ್ಟಿಲ್ಲ. ಹಿಸ್ಸೆ ಮುಗಿದಿಲ್ಲ, ಇನ್ನೊಂದು ಮಗು ಬೇರೆ ಆಗಿದೆ. ಟ್ರಸ್ಟಿನ ಸದ್ಯದ ತಲೆನೋವು ಮಾತ್ರ ಬೇರೆ. ಅನುದಾನದ ಅರ್ಜಿಯಲ್ಲಿ ‘ಸಂಗ್ರಹಾಲಯದಲ್ಲಿರುವ ಒಟ್ಟು ವಸ್ತುಗಳು’ ಅಂತ ಒಂದು ಕಾಲಂ ಇದೆ. ಮನೆಗಳಲ್ಲಿ ಇರುವುದನ್ನು ಸೇರಿಸಿ ಬರೆಯಬೇಕೋ, ಕಟ್ಟಡದಲ್ಲಿ ಇರುವುದನ್ನು ಮಾತ್ರವೋ? ಔಷಧದ ಅಂಗಡಿಯವರು ನೂರು ಅಂದರು, ಅಕ್ಕೋರು ಮುನ್ನೂರು ಅಂದರು. ಕೊನೆಗೆ ಮುನ್ನೂರು ಅಂತ ಬರೆದು, ವಿವರಕ್ಕೆ ಬೇರೆ ಹಾಳೆ ಲಗತ್ತಿಸಿದ್ದಾರೆ. ಅರ್ಜಿ ಹೋಗಿದೆ, ಉತ್ತರ ಬಂದಿಲ್ಲ.